ಮೈಯಂಗಿಯ ಒಳಗೆ

ಮೈಯಂಗಿ ಬರುವ ತನಕ, ಖೊಖೊ ಪಂದ್ಯವೊಂದು ಜಗಳವಿಲ್ಲದೆ ಮುಗಿದದ್ದನ್ನು ಬನ್ನೂರಿನಲ್ಲಿ ಯಾರೂ ಕಂಡಿರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಜಗಳದ ಮೂಲವನ್ನು ಹೇಳಬೇಕು. ಎರಡು ಕಂಬಗಳ ನಡುವಿನ ಗೆರೆಯ ಮೇಲೆ ಎಂಟು ಜನ ಚೌಕಗಳಲ್ಲಿ ಕೂತಿರುತ್ತಾರೆ. ಒಬ್ಬರ ಮುಖ ಆ ಕಡೆಗೆ, ಪಕ್ಕದವರ ಮುಖ ಈ ಕಡೆಗೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ಓಡುವವಳು ಸಾಲಿನ ನಡುವೆ ನುಸುಳಿ ಆಚೆಗೆ ದಾಟಬಹುದು, ಅಟ್ಟುವವಳು ದಾಟುವ ಹಾಗಿಲ್ಲ. ಅವಳು ಕೂತವಳೊಬ್ಬಳ ಬೆನ್ನನ್ನು ಮುಟ್ಟಿ ‘ಖೋ’ ಅನ್ನಬೇಕು. ಕೂತವಳು ಎದ್ದು ಅಟ್ಟಬೇಕು, ಇವಳು ಆ ಚೌಕದಲ್ಲಿ ಕೂರಬೇಕು. ಕೈ ಬೀಳುವ ಮೊದಲೇ ಎದ್ದರೆ ತಪ್ಪು, ಕೈ ಬಿದ್ದು ಬಾಯಿ ಬರದಿದ್ದರೂ ತಪ್ಪು. ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುವ ಇದನ್ನು ಅಂಪೈರು ನೋಡಿ ಹೇಳಬೇಕು. ಅಂಪೈರು ಹೇಳಿದ್ದನ್ನು ಸೋತವರು ಒಪ್ಪಬೇಕು. ಎರಡೂ ಆಗದ ಕೆಲಸ. ಹಾಗಾಗಿ ಆಟ ಮೈದಾನದಲ್ಲಿ ಶುರುವಾಗಿ ಬಸ್‌ಸ್ಟ್ಯಾಂಡಿನಲ್ಲಿ ಮುಗಿಯುತ್ತಿತ್ತು.

ಇದಕ್ಕೆ ಮದ್ದಾಗಿ ಬಂದದ್ದು ಮೈಯಂಗಿ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಬಟ್ಟೆ, ಅದರ ಎಳೆ ಎಳೆಯಲ್ಲೂ ಮುಟ್ಟಿದ್ದನ್ನು ಅರಿಯುವ ಗುಣ. ಬೆನ್ನ ಮೇಲೆ ಅಂಗೈ ಬಿದ್ದರೆ ಎಷ್ಟು ಭಾರ, ಯಾವ ಕ್ಷಣ ಎಂದು ತಿಳಿದುಕೊಳ್ಳುತ್ತಿತ್ತು. ಕುತ್ತಿಗೆಯ ಪಟ್ಟಿ ‘ಖೋ’ ಎಂಬ ಸದ್ದನ್ನು ಗಾಳಿಯಿಂದಲ್ಲ, ಮೂಳೆಯಿಂದಲೇ ಕೇಳಿಸಿಕೊಳ್ಳುತ್ತಿತ್ತು. ಎರಡೂ ಕೂಡಿದರೆ ಕೂತವಳ ಭುಜದ ಮೇಲೆ ಹಸಿರು ದೀಪ ಹತ್ತುತ್ತಿತ್ತು. ಇಲ್ಲದಿದ್ದರೆ ಕೆಂಪು. ಅಂಗಿಯೊಡನೆ ವಾದ ಮಾಡಲು ಯಾರಿಗೂ ಬರಲಿಲ್ಲ. ಮೊದಲ ತಿಂಗಳು ಹಳಬರು ಆಟದಲ್ಲಿ ಉಪ್ಪುಕಾರವೇ ಇಲ್ಲವೆಂದು ಗೊಣಗಿ ಎದ್ದು ಹೋದರು. ಎರಡನೆಯ ತಿಂಗಳು ಅವರೂ ಬಂದು ಕೂತರು.

ಅಂಗಿಗೆ ಇನ್ನೊಂದು ಉಪಯೋಗವಿತ್ತು, ದುಡ್ಡು ಹಾಕಿದವರಿಗೆ ಅದೇ ಮುಖ್ಯ. ದೂಳೆದ್ದ ಮೈದಾನದಲ್ಲಿ ಒಬ್ಬರ ಮರೆಗೆ ಒಬ್ಬರು ಓಡುವ ಈ ಆಟ ಕ್ಯಾಮೆರಾಕ್ಕೆ ಸರಿಯಾಗಿ ಸಿಕ್ಕುತ್ತಿರಲಿಲ್ಲ. ಅಂಗಿಗೆ ಮೈಯ ಪ್ರತಿ ತಿರುವೂ ಗೊತ್ತು. ಅದು ಕಳಿಸಿದ ಲೆಕ್ಕವನ್ನು ಜೋಡಿಸಿದರೆ ಪರದೆಯ ಮೇಲೆ ತಿಳಿನೀಲಿ ಗೆರೆಗಳ ಮನುಷ್ಯರು ಮೂಡುತ್ತಿದ್ದರು. ಜನ ಅದನ್ನು ಗೆರೆಗೊಂಬೆ ಎಂದು ಕರೆದರು. ದೂಳಿಲ್ಲ, ನೆರಳಿಲ್ಲ, ಯಾವ ಮೂಲೆಯಿಂದ ಬೇಕಾದರೂ ತಿರುಗಿಸಿ ನೋಡಬಹುದು. ಮೈದಾನಕ್ಕೆ ಬರುವವರಿಗಿಂತ ಮನೆಯ ಗೋಡೆಪರದೆಯ ಮೇಲೆ ಗೆರೆಗೊಂಬೆಗಳನ್ನು ನೋಡುವವರೇ ಹೆಚ್ಚಾದರು.

ನಿಯಮ ಒಂದೇ. ಅಂಗಿಗೂ ಚರ್ಮಕ್ಕೂ ನಡುವೆ ಏನೂ ಇರಕೂಡದು.

ಆ ಒಂದು ನಿಯಮದಿಂದ ತೊಂದರೆಯಾದದ್ದು, ಗೊತ್ತಿರುವ ಮಟ್ಟಿಗೆ, ಬನ್ನೂರಿನ ಹೊಳೆದಂಡೆ ತಂಡದ ಭುವನಾ ಒಬ್ಬಳಿಗೇ. ಭುವಿ ಎಂದರೆ ಮೈಸೂರು ಸೀಮೆಯ ಖೊಖೊ ಮಂದಿಗೆಲ್ಲ ಗೊತ್ತು. ಸಣಕಲು ಕಾಲು, ಗಿಡ್ಡ ಕೂದಲು, ನಿಂತಾಗ ಯಾರ ಕಣ್ಣಿಗೂ ಬೀಳದ ಹುಡುಗಿ. ಓಡಲು ಬಿಟ್ಟರೆ ಮಾತ್ರ ಸಾಲಿನ ನಡುವೆ ಹೊಲಿಗೆಯ ಸೂಜಿಯ ಹಾಗೆ ಒಳಗೆ ಹೊರಗೆ, ಒಳಗೆ ಹೊರಗೆ. ಹನ್ನೆರಡನೇ ವಯಸ್ಸಿಗೆ ಈ ಆಟಕ್ಕೆ ಬಿದ್ದವಳು, ಈಗ ಹತ್ತೊಂಬತ್ತು.

ಹದಿನಾಲ್ಕರ ಸುಮಾರಿಗೆ ಅವಳ ಎದೆಯಲ್ಲಿ ಬೆಳೆದದ್ದು ಅವಳಿಗೆ ತನ್ನದು ಅನ್ನಿಸಲಿಲ್ಲ. ಬಾಡಿಗೆಗೆ ಬಂದವರು ಹೇಳದೆ ಕೇಳದೆ ಮಂಚ ಬೀರು ಇಳಿಸಿದ ಹಾಗೆ ಅನ್ನಿಸಿತು. ಎಲ್ಲ ಹುಡುಗಿಯರಿಗೂ ಹಾಗೇ, ಅಭ್ಯಾಸವಾಗುತ್ತದೆ ಅಂದರು. ಅವಳು ಕಾದಳು, ಅಭ್ಯಾಸವಾಗಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕಾಲು ಉಳುಕಿದೆಯೆಂದು ಹೇಳಿ ಅಗಲದ ಕ್ರೇಪ್ ಬ್ಯಾಂಡೇಜು ತಂದು ಎದೆಗೆ ಬಿಗಿದು ಸುತ್ತಿಕೊಂಡಳು. ಆಟಗಾರ್ತಿ ಬ್ಯಾಂಡೇಜು ಕೊಂಡರೆ ಯಾಕೆಂದು ಕೇಳುವವರಿಲ್ಲ. ಪಟ್ಟಿ ಸುತ್ತಿಕೊಂಡು ಮೈದಾನಕ್ಕಿಳಿದ ಆ ಸಂಜೆ ಮೊದಲ ಸಲ ಅವಳು ತನ್ನ ಮೈಯನ್ನು ಮರೆತು ಓಡಿದಳು. ಅಟ್ಟಿಸಿಕೊಳ್ಳುವಾಗ ಅವಳಿಗೆ ಎದೆ ಸೊಂಟ ಒಂದೂ ಇರುತ್ತಿರಲಿಲ್ಲ. ಒಂದು ದಿಕ್ಕು ಇರುತ್ತಿತ್ತು, ಹಿಂದೆ ಬರುವವಳ ಉಸಿರು ಕೇಳುವ ಒಂದು ಕಿವಿ ಇರುತ್ತಿತ್ತು. ಅಷ್ಟು ಸಾಕಾಗಿತ್ತು. ತಾನು ಗಂಡೋ ಹೆಣ್ಣೋ ಎಂದು ಅವಳು ಕೂತು ಯೋಚಿಸಿದವಳಲ್ಲ. ಆ ಪ್ರಶ್ನೆಯನ್ನು ಯಾರೂ ಕೇಳದ ಜಾಗವೊಂದು ಸಿಕ್ಕಿತ್ತು, ಅದು ಖೊಖೊ ಅಂಗಳ.

ಅಲ್ಲಿಗೇ ಈಗ ಮೈಯಂಗಿ ಬಂದು ಕೂತಿತ್ತು.

ಮೊದಲ ದಿನ ಅವಳು ಪಟ್ಟಿಯ ಮೇಲೆಯೇ ಅಂಗಿ ತೊಟ್ಟಳು. ಕೆಂಪು ದೀಪ ಹತ್ತಿದ್ದು ಆರಲೇ ಇಲ್ಲ. ಪಟ್ಟಿ ಬಿಚ್ಚಬೇಕಾಯಿತು. ಆಮೇಲಿನ ಪಂದ್ಯಗಳಲ್ಲಿ ಅವಳು ಭುಜ ಮುಂದಕ್ಕೆ ಬಾಗಿಸಿ ಓಡಿದಳು. ಕಂಬದ ಕಡೆ ಹಾರಿ ಎದೆಯಡಿಯಾಗಿ ಬೀಳುವುದನ್ನು ಬಿಟ್ಟಳು, ಆ ಹಾರಾಟಕ್ಕೇ ಹೆಸರಾದವಳು. ವಯಸ್ಸಾಯಿತೇನೆ ನಿನಗೆ ಎಂದು ಆಟ ಕಲಿಸುವ ಸಿದ್ದರಾಜು ಮೇಷ್ಟ್ರು ತಮಾಷೆ ಮಾಡಿದರು, ಎರಡು ವಾರ ಕಳೆದ ಮೇಲೆ ತಮಾಷೆ ನಿಲ್ಲಿಸಿ ಬೈಯಲು ಶುರುಮಾಡಿದರು.

ಒಂದು ಮಧ್ಯಾಹ್ನ ಭುವಿ ಗ್ಯಾಲರಿಯ ಹಿಂದಿನ ನಿಯಂತ್ರಣ ಕೋಣೆಗೆ ಹೋದಳು. ಅಲ್ಲಿ ಅಂಗಿಗಳ ಉಸ್ತುವಾರಿ ಫರ್ಹಾನಾದು. ಮಂಡ್ಯದವಳು, ಮೂವತ್ತರ ಆಸುಪಾಸು, ಯಾರ ಮೇಲೂ ರೇಗದ ಎಂಜಿನಿಯರು. ಒಂದು ಗೋಡೆಯ ತುಂಬ ಪರದೆಗಳು, ಅವುಗಳಲ್ಲಿ ಅಭ್ಯಾಸ ಮಾಡುತ್ತಿದ್ದ ಹುಡುಗರ ಗೆರೆಗೊಂಬೆಗಳು ಸದ್ದಿಲ್ಲದೆ ಓಡುತ್ತಿದ್ದವು. ಫರ್ಹಾನಾ ಸ್ಟೂಲು ಎಳೆದು ಕೂರಿಸಿ ಟೀ ತರಿಸಿದಳು. ಭುವಿ ಅರ್ಧ ಟೀ ಕುಡಿದು, ಲೋಟ ನೋಡುತ್ತ ಕೇಳಿದಳು. ತನ್ನ ಗೊಂಬೆಯಲ್ಲಿ ಎದೆ ಕಾಣಿಸದ ಹಾಗೆ ಮಾಡಬಹುದೇ?

ಫರ್ಹಾನಾ ನಗಲಿಲ್ಲ. ಗೊಂಬೆಯನ್ನು ತಾವು ಬಿಡಿಸುವುದಿಲ್ಲವೆಂದು ವಿವರಿಸಿದಳು. ಅಂಗಿ ಮುಟ್ಟಿದ ಜಾಗಗಳನ್ನೆಲ್ಲ ಕೂಡಿಸಿದರೆ ಗೊಂಬೆ ತಾನಾಗಿ ಆಗುತ್ತದೆ. ಒಂದು ಕಡೆ ಮಂದ ಮಾಡಿದರೆ ಮೈ ಎತ್ತ ವಾಲಿದೆಯೆಂಬ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದರೆ ಖೋ ತೀರ್ಪು ತಪ್ಪುತ್ತದೆ, ಮತ್ತೆ ಹಳೇ ಜಗಳ. ಅಷ್ಟು ಹೇಳಿ ಅವಳು ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದಳು.

“ನೋಡು, ನಾಚ್ಕೋಬೇಡ. ವಿಭಾಗ ಬದಲಾಯಿಸ್ಕೋಬಹುದು ನೀನು. ಎರಡು ವರ್ಷದಿಂದ ರೂಲ್ ಇದೆ. ಹುಡುಗರ ಕಡೆ ಆಡ್ತೀನಿ ಅಂದ್ರೆ ಯಾರೂ ಯಾಕೆ ಅಂತ ಕೇಳಲ್ಲ. ನಾನೇ ಮಾಡಿಸ್ಕೊಡ್ತೀನಿ.”

“ಹುಡುಗ್ರ ಕಡೆ ಹೋಗಿ ಏನ್ ಮಾಡ್ಲಿ ಮೇಡಂ? ನನ್ ಟೀಮ್ ಇಲ್ಲೈತೆ.”

“ಹಂಗಾದ್ರೆ ಹುಡುಗಿಯರ ಕಡೆ ಇರು. ಅದಕ್ಕೆ ಈ ಅಂಗಿ.”

“ಅಂಗಿ ಬೇಡ.”

“ಮತ್ತೆ ನಿನಗೆ ಏನು ಬೇಕು ಹೇಳು, ಮಾಡಣ.”

ಭುವಿ ಬಾಯಿ ತೆರೆದಳು. ಮಾಡಣ ಎಂದು ಅಷ್ಟು ಪ್ರೀತಿಯಿಂದ ಹೇಳಿದವಳ ಮುಂದೆ ಇಡಲು ಅವಳ ಹತ್ತಿರ ಒಂದು ಹೆಸರಿರಲಿಲ್ಲ. ಬೇಕಾದದ್ದು ದೊಡ್ಡದೇನೂ ಅಲ್ಲ. ಅದೇ ಹುಡುಗಿಯರ ಜೊತೆ, ಅದೇ ಚೌಕದಲ್ಲಿ, ಮೂರು ಸುತ್ತು ಪಟ್ಟಿ ಸುತ್ತಿಕೊಂಡು ಕೂರಬೇಕು. ಅದಕ್ಕೆ ಯಂತ್ರದಲ್ಲಿ ಗುಂಡಿಯೇ ಇರಲಿಲ್ಲ. ಎರಡು ಬಾಗಿಲುಗಳನ್ನು ಹಾರುಹೊಡೆದು ತೆರೆದಿಟ್ಟು, ಯಾವುದರಲ್ಲಿ ಬೇಕಾದರೂ ಹೋಗು ತಾಯಿ ಎಂದು ಕೈಮುಗಿದು ನಿಂತ ಕಾಲ ಅದು. ನನಗೆ ಈ ಅಂಗಳದಲ್ಲೇ ಇರಬೇಕು ಅಂದರೆ ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಯಾರಾದರೂ ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಟೀ ತರಿಸಿಕೊಟ್ಟವರನ್ನು ಏನೆಂದು ಬೈಯುವುದು? ಏನಿಲ್ಲ ಮೇಡಂ ಅಂದು ಎದ್ದು ಬಂದಳು. ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಕಂಬಿಯನ್ನು ಒದ್ದಳು, ಕಾಲ್ಬೆರಳು ನೊಂದಿತು.

ಮನೆಯಲ್ಲಿ ಅವ್ವ ಚಿಕ್ಕತಾಯಮ್ಮ ರವಿಕೆ ಹೊಲಿಯುವವಳು. ಬಟ್ಟೆ ಹೊಲಿಯುವ ಯಂತ್ರಗಳು ಎಷ್ಟು ಬಂದರೂ ರವಿಕೆ ಮಾತ್ರ ಚಿಕ್ಕತಾಯಮ್ಮನದೇ ಆಗಬೇಕೆನ್ನುವ ಹೆಂಗಸರು ಬನ್ನೂರಿನಲ್ಲಿ ಇನ್ನೂ ಇದ್ದರು. ಅಷ್ಟು ಜನರ ಅಳತೆ ತೆಗೆದವಳಿಗೆ ಸ್ವಂತ ಮಗಳ ಅಳತೆ ಸಿಕ್ಕಿರಲಿಲ್ಲ. ಟೇಪು ಹಿಡಿದು ಹತ್ತಿರ ಬಂದರೆ ಭುವಿ ಹಿತ್ತಲ ಬಾಗಿಲಿಂದ ಮಾಯ. ಅಪ್ಪ ತೀರಿಕೊಂಡ ಮೇಲೆ ಇಬ್ಬರೇ ಇದ್ದ ಆ ಮನೆಯಲ್ಲಿ ಮುನಿಸು ಅಂತ ಇದ್ದದ್ದು ಅದೊಂದೇ. ಹಬ್ಬಕ್ಕೆ ಒಂದು ರವಿಕೆ ತೊಡಿಸಲಾಗದ ಮೇಲೆ ತಾನೇನು ದರ್ಜಿ ಎಂದು ಅವ್ವ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳು. ಭುವಿ ಪ್ಯಾಂಟು ಷರ್ಟಿನಲ್ಲಿ ಹಬ್ಬದೂಟ ಮಾಡಿ ಏಳುತ್ತಿದ್ದಳು.

ಸೆಮಿಫೈನಲ್ ಗೆದ್ದ ಸಂಜೆ ಭುವಿ ಮನೆಗೆ ಬಂದಾಗ ಪಡಸಾಲೆಯ ತುಂಬ ಅಕ್ಕಪಕ್ಕದ ಹೆಂಗಸರು. ಗೋಡೆಯ ಮೇಲೆ ಆಟ ಮತ್ತೆ ಓಡುತ್ತಿತ್ತು. ಆಳೆತ್ತರದ ಗೆರೆಗೊಂಬೆಯೊಂದು ತಿರುಗಿ, ಬಾಗಿ, ತಪ್ಪಿಸಿಕೊಳ್ಳುತ್ತಿತ್ತು. ಅದು ತಾನೆಂದು ಗುರುತು ಸಿಗಲು ಭುವಿಗೆ ಒಂದು ಕ್ಷಣ ಬೇಕಾಯಿತು. ಹಾಲಿನ ಡೈರಿಯ ಗೌರಮ್ಮ ಅವಳನ್ನು ಬಾಗಿಲಲ್ಲಿ ಕಂಡು, ಗೋಡೆಯನ್ನೂ ಅವಳನ್ನೂ ಮರಳಿ ಮರಳಿ ನೋಡಿದಳು.

“ಯಾವಾಗ್ಲೂವೆ ಗೋಣಿಚೀಲ್ದಂಗಿರೋ ಅಂಗಿ ಹಾಕ್ಕಂದು ತಿರ್ಗೋಳು. ಒಳಗೆ ಎಂಗೌಳೆ ನೋಡವ್ವ, ಶಿಲ್ಪ ಕಡದಂಗೆ. ಇನ್ ಗಂಡು ನೋಡಾಕೆ ಫೋಟೋನೆ ಬ್ಯಾಡ ಕನ ಚಿಕ್ತಾಯಿ.”

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ನಮ್ಮ ಹುಡುಗಿ ಎಂಬ ಹೆಮ್ಮೆಯ ನಗೆ. ಭುವಿ ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಅವರೆಲ್ಲ ಹೋಗುವ ತನಕ ತೊಟ್ಟಿಯ ಹತ್ತಿರ ನಿಂತಿದ್ದಳು.

ಒಳಗೆ ಬಂದಾಗ ಅವ್ವ ಮಂಚದ ಮೇಲೆ ಒಂದು ರವಿಕೆ ಹರಡಿಟ್ಟು ಕಾಯುತ್ತಿದ್ದಳು. ನವಿಲುಗತ್ತಿನ ಬಣ್ಣ, ತೋಳಿಗೆ ಸಣ್ಣ ಅಂಚು. ದೊಡ್ಡಪ್ಪನ ಮಗಳ ಮದುವೆಗೆ ಎಂದಳು. ಅಳತೆ ಎಲ್ಲಿ ಸಿಕ್ಕಿತೆಂದು ಭುವಿ ಕೇಳಬೇಕಾಗಲಿಲ್ಲ, ಅವ್ವನೇ ಸಂಭ್ರಮದಿಂದ ಹೇಳಿದಳು. ಹೋದ ವಾರದ ಆಟದಲ್ಲಿ ಗೊಂಬೆ ನೆಟ್ಟಗೆ ನಿಂತ ಒಂದು ಗಳಿಗೆಯಲ್ಲಿ ಚಿತ್ರ ನಿಲ್ಲಿಸಿ, ಗೋಡೆಯನ್ನೇ ಕೇಳಿದಳಂತೆ. ಎದೆ ಎಷ್ಟು, ಸೊಂಟ ಎಷ್ಟು, ತೋಳು ಎಷ್ಟು. ಗೋಡೆ ಪಟಪಟನೆ ಹೇಳಿತಂತೆ.

“ಐದ್ ವರ್ಸ ಕೊಡ್ನಿಲ್ಲ ನೀನು. ಈಗ ಸಿಕ್ಕಬುಡ್ತು ನೋಡು. ಒಂದ್ಸಲ ಹಾಕು ಮಗ. ನಾನ್ ನೋಡ್ಬುಟ್ಟು ಮಡಗ್ತೀನಿ.”

ಅವಳ ಕಣ್ಣು ನೋಡಿ ಭುವಿಗೆ ಇಲ್ಲವೆನ್ನಲಾಗಲಿಲ್ಲ. ಒಳಗೆ ಹೋಗಿ ತೊಟ್ಟಳು. ಎಲ್ಲಾದರೂ ಒಂದು ಕಡೆ ಬಿಗಿಯಾಗಲಿ, ಸಡಿಲವಾಗಲಿ, ಒಂದು ಸುಕ್ಕಾದರೂ ಬೀಳಲಿ ಎಂದು ಬೇಡಿಕೊಂಡಳು. ಬೀಳಲಿಲ್ಲ. ಆ ರವಿಕೆಯಷ್ಟು ಸರಿಯಾಗಿ ಅವಳ ಮೈಗೆ ಇದುವರೆಗೆ ಯಾವುದೂ ಕೂತಿರಲಿಲ್ಲ. ಕನ್ನಡಿಯಲ್ಲಿ ಕಂಡದ್ದು ಗೋಡೆಯ ಮೇಲಿನ ಗೊಂಬೆ, ಬಣ್ಣ ತುಂಬಿದ್ದರು ಅಷ್ಟೆ. ಹೊರಗೆ ಬಂದು ನಿಂತಾಗ ಅವ್ವ ಕೈಯಾರೆ ಬೆನ್ನು ಸವರಿ, ಭುಜದ ಹೊಲಿಗೆ ಎಳೆದು ನೋಡಿ, ಮೂಗು ಒರೆಸಿಕೊಂಡಳು. ಚೆನ್ನಾಗಿದೆ ಅವ್ವ, ಅಂದಳು ಭುವಿ. ಅದೂ ನಿಜವೇ.

ರವಿಕೆ ಬಿಚ್ಚಿಟ್ಟ ಮೇಲೆ ಅವಳು ಬೀರುವಿನ ಅಡಿಯಿಂದ ಪಟ್ಟಿಯ ಸುರುಳಿ ತೆಗೆದಳು. ಫೈನಲ್ಲಿಗೆ ನಾಲ್ಕು ದಿನವಿತ್ತು.

ಉಪಾಯವನ್ನು ಅವಳು ಮನಸ್ಸಿನಲ್ಲಿ ಮೊದಲೇ ಎಷ್ಟೋ ಸಲ ಮಾಡಿ ನೋಡಿದ್ದಳು. ಪಟ್ಟಿ ಅಗಲ ಕಡಿಮೆ ಮಾಡಿ ಸುತ್ತಿದರೆ ಮುಚ್ಚುವುದು ಎದೆಯನ್ನೂ ಬೆನ್ನಿನ ಮೇಲುಭಾಗವನ್ನೂ ಮಾತ್ರ. ಸೊಂಟದ ಮೇಲಿನ ಅರ್ಧ ಬೆನ್ನು ಅಂಗಿಗೆ ತಾಕುತ್ತಲೇ ಇರುತ್ತದೆ. ಖೋ ಅಲ್ಲಿ ಬಿದ್ದರೆ ದೀಪ ಹಸಿರು. ತಂಡದವರು ಕೈ ಸ್ವಲ್ಪ ಕೆಳಗಿಟ್ಟರೆ ಸಾಕು, ಕೇಳುವುದೊಂದೇ ಕಷ್ಟ. ಕಾರಣ ಹೇಳಬೇಕಲ್ಲ. ಹುಡುಗಿಯರು ಬಟ್ಟೆ ಬದಲಾಯಿಸುವಾಗ ಐದು ವರ್ಷ ಗೋಡೆಯ ಕಡೆ ತಿರುಗಿ ನಿಂತವಳು ಈಗ ಏನೆಂದು ಹೇಳುವುದು? ಬೆನ್ನಿನ ಮೇಲುಭಾಗ ಉಳುಕಿದೆ, ಎರಡು ದಿನ ಸೊಂಟದ ಹತ್ತಿರ ಖೋ ಕೊಡಿ, ಅಂದಳು. ಮೇಷ್ಟ್ರು ಎಣ್ಣೆ ಹಚ್ಚಿಕೋ ಅಂದರು. ನಾಯಕಿ ದಾಕ್ಷಾಯಿಣಿ ಒಮ್ಮೆ ಅವಳ ಮುಖವನ್ನು ದಿಟ್ಟಿಸಿ, ಆಯ್ತು ಅಂದಳು. ಅಷ್ಟೇ.

ಫೈನಲ್ ಮೈಸೂರಿನಲ್ಲಿ, ತಿಪಟೂರಿನ ತಂಡದ ಮೇಲೆ. ಅಂಗಿಗಳನ್ನು ಪರೀಕ್ಷಿಸುವಾಗ ಭುವಿಯ ಅಂಗಿ ಅರ್ಧಂಬರ್ಧ ಮಾತಾಡುತ್ತಿರುವುದು ನಿಯಂತ್ರಣ ಕೋಣೆಯಲ್ಲಿ ಕಂಡಿತು. ಬೆವರು ಬಂದ ಮೇಲೆ ಅಂಟಿಕೊಳ್ಳುತ್ತದೆ, ಕೆಲವರಿಗೆ ಹಾಗೆ, ಎಂದು ಫರ್ಹಾನಾ ಬಿಟ್ಟುಬಿಟ್ಟಳು.

ಭುವಿ ಓಡಿದಳು. ಹೇಗೆ ಓಡಿದಳೆಂದರೆ, ಹೊಸದಾಗಿ ಆಟ ನೋಡುವವರೂ ಪಕ್ಕದವರ ಹೆಗಲು ಹಿಡಿದುಕೊಂಡರು. ಭುಜ ಹಿಂದಕ್ಕೆ ಹೋಗಿತ್ತು, ಕತ್ತು ನೆಟ್ಟಗಿತ್ತು. ಅಟ್ಟುವ ಸರದಿ ಬಂದಾಗ ಕಂಬದ ಕಡೆ ಪೂರ್ತಿ ಮೈಚೆಲ್ಲಿ ಹಾರಿ ಒಬ್ಬಳನ್ನು ಮುಟ್ಟಿದಳು. ಎದೆ ನೆಲಕ್ಕೆ ಬಡಿದು ದೂಳೆದ್ದಿತು, ನೋವಿನಲ್ಲೂ ನಗು ಬಂತು. ಬಿಡುವಿನಲ್ಲಿ ನೀರು ಕುಡಿಯುತ್ತ ತಲೆಯೆತ್ತಿದಾಗ ಗ್ಯಾಲರಿಯ ಮೇಲಿನ ದೊಡ್ಡ ಪರದೆಯಲ್ಲಿ ಅವಳ ಹಾರಾಟವನ್ನೇ ತೋರಿಸುತ್ತಿದ್ದರು. ನೀಲಿ ಗೆರೆಯ ತಲೆ, ಚಾಚಿದ ಕೈ, ಸೊಂಟ, ಕಾಲು. ನಡುವೆ ಏನೂ ಇಲ್ಲ. ಎದೆಯಿರಬೇಕಾದ ಕಡೆ ಖಾಲಿ, ಆ ಖಾಲಿಯೂ ಉಳಿದ ಮೈಯ ಜೊತೆಯಲ್ಲೇ ಹಾರುತ್ತಿತ್ತು. ಜನ ಗಾಳಿ ಹೊಕ್ಕಿದೆ ಎಂದು ನಗಾಡಿದರು. ಭುವಿ ಮಾತ್ರ ಕಣ್ಣು ತಿರುಗಿಸಲಿಲ್ಲ. ಈ ಪರದೆಗಳು ಬಂದ ಮೇಲೆ ಮೊದಲ ಬಾರಿಗೆ ಅವಳು ತನ್ನನ್ನು ಕೊನೆಯ ತನಕ ನೋಡಿದಳು.

ಕೊನೆಯ ಸರದಿ ಇವರದೇ. ಅಂಕ ಸಮ, ಒಬ್ಬಳು ಔಟಾದರೆ ಕಪ್ ಇವರದು. ಗೆದ್ದ ತಂಡಕ್ಕೆ ರಾಜ್ಯ ಲೀಗಿನಲ್ಲಿ ಜಾಗ. ಅದಕ್ಕಾಗಿ ನಾಯಕಿ ದಾಕ್ಷಿ ತನ್ನ ಮದುವೆಯನ್ನು ಎರಡು ಸಲ ಮುಂದಕ್ಕೆ ಹಾಕಿಸಿದ್ದಳು. ಅಷ್ಟು ಹೊತ್ತೂ ಎಲ್ಲರೂ ನೆನಪಿಟ್ಟು ಭುವಿಯ ಸೊಂಟದ ಹತ್ತಿರವೇ ಕೈ ಹಾಕಿದ್ದರು. ಗಡಿಯಾರ ಮುಗಿಯುತ್ತ ಬಂದಿತ್ತು. ತಿಪಟೂರಿನ ಕೊನೆಯ ಹುಡುಗಿ ಸಾಲಿನಲ್ಲಿ ನುಸುಳಿ ಭುವಿಯ ಎದುರಿಗೇ ಬಂದಳು. ಹಿಂದಿನಿಂದ ದಾಕ್ಷಿ ನುಗ್ಗಿ ಬಂದು ಖೋ ಕೊಟ್ಟಳು, ಯಾವಾಗಲೂ ಕೊಡುತ್ತಿದ್ದ ಜಾಗದಲ್ಲಿ, ಎರಡು ಭುಜಗಳ ನಡುವೆ, ಹಗುರವಾಗಿ. ಭುವಿಯ ಮೈಗೆ ಆ ಕೈ ಗೊತ್ತಿತ್ತು, ಯೋಚಿಸದೆ ಎದ್ದಿತು. ಮೂರು ಹೆಜ್ಜೆ, ಬೆರಳು ತಾಕಿತು. ಔಟ್.

ಮೈದಾನ ಕೂಗಿತು. ಆಮೇಲೆ ಒಂದೊಂದೇ ಕಡೆ ಕೂಗು ನಿಂತಿತು. ಭುವಿಯ ಭುಜದ ದೀಪ ಕೆಂಪಾಗಿತ್ತು.

ನಿಯಂತ್ರಣ ಕೋಣೆಯಲ್ಲಿ ಮೇಷ್ಟ್ರು, ದಾಕ್ಷಿ, ಭುವಿ ಪರದೆಯ ಮುಂದೆ ನಿಂತರು. ಫರ್ಹಾನಾ ಆ ಗಳಿಗೆಯನ್ನು ಹಿಂದೆ ಮುಂದೆ ಓಡಿಸಿದಳು. ಕ್ಯಾಮೆರಾದಲ್ಲಿ ದಾಕ್ಷಿಯ ಕೈ ಭುವಿಯ ಬೆನ್ನ ಮೇಲೆ ಬಿದ್ದದ್ದು ಸ್ಪಷ್ಟವಾಗಿತ್ತು. ಅಂಗಿಯ ಲೆಕ್ಕದಲ್ಲಿ ಅಲ್ಲಿ ಬೆನ್ನೇ ಇರಲಿಲ್ಲ. ಬೆನ್ನೇ ಇಲ್ಲದ ಮೇಲೆ ಖೋ ಎಲ್ಲಿಂದ ಬರಬೇಕು? ಅಂಗಿಯ ಒಳಗೆ ಏನಾದರೂ ಇತ್ತೇ ಎಂದು ಫರ್ಹಾನಾ ಕೇಳಿದಳು. ಮೇಷ್ಟ್ರು ಮುಂದೆ ಬಂದು ಬೆನ್ನು ಉಳುಕಿದ ಕತೆ ಹೇಳಿ, ಪಟ್ಟಿ ಕಟ್ಟಿರಬೇಕು ಅಂದರು. ಫರ್ಹಾನಾಳ ಮುಖ ಅರಳಿತು.

“ಗಾಯದ ಪಟ್ಟಿಗೆ ವಿನಾಯಿತಿ ಇದೆ ಸರ್. ಕ್ಯಾಮೆರಾ ನೋಡಿ ಔಟ್ ಕೊಡ್ತಾರೆ. ರೆಫರಿ ಬರ್ತಿದ್ದಾರೆ, ಅವರ ಮುಂದೆ ಭುವನಾ ತನ್ನ ಬಾಯಲ್ಲಿ ಹೇಳಿದ್ರೆ ಸಾಕು. ಗಾಯ ಆಗಿತ್ತು ಅಂತ.”

ಒಂದು ಮಾತು. ಉಳುಕು ಕಣ್ಣಿಗೆ ಕಾಣುವುದಲ್ಲ, ಡಾಕ್ಟರು ಕೂಡ ಇಲ್ಲವೆನ್ನಲಾರರು. ಈಗಾಗಲೇ ತಂಡಕ್ಕೆಲ್ಲ ಹೇಳಿದ ಸುಳ್ಳು, ಇನ್ನೊಮ್ಮೆ ಹೇಳುವುದಷ್ಟೇ. ರೆಫರಿ ಬಂದರು. ವಯಸ್ಸಾದ ಮನುಷ್ಯ, ಕನ್ನಡಕ ಏರಿಸಿಕೊಂಡು, ಏನಮ್ಮ, ಗಾಯವಾಗಿತ್ತೇ ಎಂದು ಮೆತ್ತಗೆ ಕೇಳಿದರು.

ಹೌದು ಅನ್ನಲು ಭುವಿ ಉಸಿರು ತೆಗೆದುಕೊಂಡಳು. ಆ ಉಸಿರಿಗೆ ಪಟ್ಟಿ ಪಕ್ಕೆಲುಬುಗಳ ಮೇಲೆ ಬಿಗಿಯಿತು, ಹದಿನಾಲ್ಕರಿಂದ ದಿನಾ ಬಿಗಿದ ಹಾಗೆಯೇ. ಅವಳ ಮೈಯಲ್ಲಿ ಎಷ್ಟೋ ಗಾಯಗಳಿದ್ದವು. ಮಂಡಿ, ಮೊಣಕೈ, ಗಲ್ಲ, ಎಲ್ಲ ಈ ಆಟ ಕೊಟ್ಟದ್ದು. ಗಾಯವಲ್ಲದ್ದು ಇದೊಂದೇ. ಈಗ ಗಾಯ ಅಂದರೆ ಮುಂದಿನ ಆಟಕ್ಕೆ ವಾಸಿಯಾಯಿತೇ ಎಂದು ಕೇಳುತ್ತಾರೆ. ಅದರ ಮುಂದಿನ ಆಟಕ್ಕೂ ಕೇಳುತ್ತಾರೆ. ಒಂದು ದಿನ ವಾಸಿಯಾಗಲೇಬೇಕಾಗುತ್ತದೆ.

“ಗಾಯ ಇಲ್ಲ ಸರ್.”

“ಮತ್ತೆ ಪಟ್ಟಿ?”

“ನಾನೇ ಕಟ್ಕೊಂಡಿದ್ದು. ದಿನಾ ಕಟ್ಕೋತೀನಿ.”

ಹೇಳಿದ ಮರುಗಳಿಗೆಯೇ ಅದನ್ನು ನುಂಗಿಕೊಳ್ಳಬೇಕೆನಿಸಿತು. ಅವಳು ಧೈರ್ಯ ಮಾಡಿದ್ದಲ್ಲ, ಸುಳ್ಳು ಗಂಟಲಲ್ಲಿ ಸಿಕ್ಕಿಕೊಂಡಿತು, ಅಷ್ಟೇ. ಮೇಷ್ಟ್ರು ತಲೆಯ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಫರ್ಹಾನಾ ಪರದೆಯ ಕಡೆ ತಿರುಗಿದಳು. ರೆಫರಿ, ನನ್ನ ಕೈಯಲ್ಲಿ ಏನೂ ಇಲ್ಲಮ್ಮ ಅಂದರು. ಔಟ್ ರದ್ದಾಯಿತು. ಬಾಕಿ ಉಳಿದ ಕೆಲವು ಕ್ಷಣಗಳ ಆಟ ಮತ್ತೆ ನಡೆಯಿತು, ಬೇಕೆಂದೇ ಅಂಗಿಯ ನಿಯಮ ಮುರಿದ ಭುವಿಯನ್ನು ಹೊರಗೆ ಕೂರಿಸಿ. ಎಂಟು ಜನರಿಂದ ಆಗಲಿಲ್ಲ. ಹೆಚ್ಚುವರಿ ಸರದಿಯಲ್ಲಿ ತಿಪಟೂರು ಗೆದ್ದಿತು. ಆ ಹಂಗಾಮು ಪೂರ್ತಿ ಭುವಿ ಯಾವ ಪಂದ್ಯವನ್ನೂ ಆಡುವ ಹಾಗಿಲ್ಲವೆಂದು ಸಂಜೆಯೇ ತಿಳಿಸಿದರು.

ಉಳಿದವರು ಬಸ್ಸಿಗೆ ಸಾಮಾನು ಏರಿಸುತ್ತಿದ್ದರು. ದಾಕ್ಷಿ ಮಾತ್ರ ಭುವಿಯ ತೋಳು ಹಿಡಿದು ಬಸ್ಸಿನ ಹಿಂದಕ್ಕೆ ಎಳೆದೊಯ್ದಳು. ಅತ್ತು ಅವಳ ಕಣ್ಣು ಊದಿತ್ತು.

“ಉಳುಕು ಅಂತ ಯಾಕೆ ಅಂದೆ?”

“ಇನ್ನೇನ್ ಅನ್ಬೇಕಿತ್ತು?”

“ಪಟ್ಟಿ ಅನ್ಬೇಕಿತ್ತು ಕಣೆ. ಏಳ್ ವರ್ಸದಿಂದ ನಿನ್ ಬೆನ್ ಮುಟ್ತಾ ಇವ್ನಿ. ನನ್ ಕೈಗೆ ಗೊತ್ತಾಗಲ್ವಾ, ಪಟ್ಟಿ ಎಲ್ಲಿ ಸುರುವಾಯ್ತದೆ, ಎಲ್ಲಿ ಮುಗೀತದೆ ಅಂತ? ನಂಗ್ ಮಾತ್ರ ಅಲ್ಲ, ಎಲ್ರಿಗೂ ಗೊತ್ತು. ಒಬ್ಳಾದ್ರೂ ಕೇಳಿದೀವಾ?”

ಭುವಿಗೆ ಬಟ್ಟೆ ಬದಲಿಸುವಾಗ ಗೋಡೆಗೆ ತಿರುಗಿ ನಿಂತದ್ದೆಲ್ಲ ನೆನಪಿಗೆ ಬಂತು. ಬೆನ್ನು ಕೊಟ್ಟೇ ಆಡುವ ಆಟದಲ್ಲಿ ಅವಳು ಬೆನ್ನನ್ನೇ ಬಚ್ಚಿಡಲು ಹೋಗಿದ್ದಳು.

“ಗೊತ್ತಿದ್ದೂ ಮತ್ತೆ ಮೇಲ್ಗಡೆ ಯಾಕ್ ಕೊಟ್ಟೆ?”

“ಉಳುಕು ಸುಳ್ಳು ಅಂತ ಗೊತ್ತಿತ್ತು, ಅದ್ಕೆ. ಸೊಂಟ ಮುಟ್ಟಿದ್ರೆ ನೀನ್ ಬೆಚ್ಚಿಬೀಳ್ತೀಯ, ಒಂದು ಗಳಿಗೆ ತಡವಾಯ್ತದೆ. ಮುಟ್ಟಿದ್ದೂ ಗೊತ್ತಾಗ್ದಂಗೆ ಏಳೋದು ಆ ಪಟ್ಟಿ ಮೇಲ್ ಕೊಟ್ರೇನೆ. ಅಂಗಿಗೆ ಕಾಣಲ್ಲ ಅಂತ ನೀನ್ ಹೇಳಿದ್ದಾ? ಹೇಳಿದ್ರೆ ಕಾಲಿಗೆ ಬಿದ್ದಾದ್ರೂ ಸೊಂಟಕ್ಕೆ ಕೊಡ್ತಿದ್ದೆ.”

ಉತ್ತರಕ್ಕೆ ಕಾಯದೆ ಅವಳು ಬಸ್ಸು ಹತ್ತಿದಳು. ಭುವಿಯ ಪಕ್ಕದ ಸೀಟು ಬನ್ನೂರಿನ ತನಕ ಖಾಲಿಯಾಗಿಯೇ ಬಂತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಅವಳು ದಾರಿಯುದ್ದಕ್ಕೂ ಹುಡುಕಿದಳು. ಅಂಗಿ ತನಗೆ ತಿಳಿದದ್ದನ್ನೇ ಹೇಳಿತ್ತು, ರೆಫರಿ ಮೆತ್ತಗೆ ಮಾತಾಡಿದ್ದರು, ದಾಕ್ಷಿ ಅವಳಿಗಿಂತ ಚೆನ್ನಾಗಿ ಅವಳ ಬೆನ್ನನ್ನು ಬಲ್ಲವಳಾಗಿದ್ದಳು. ಎಲ್ಲರೂ ಸರಿ. ಸರಿಯಾದವರೆಲ್ಲ ಸೇರಿ ಅವಳನ್ನು ಅಂಗಳದಿಂದ ಹೊರಗೆ ಕೂರಿಸಿದ್ದರು.

ಮನೆಯಲ್ಲಿ ಅವ್ವ ಗೋಡೆಯನ್ನು ಆರಿಸಿ ಅನ್ನ ಬಡಿಸಿಟ್ಟಿದ್ದಳು. ಸೋಲಿನ ಮಾತೆತ್ತಲಿಲ್ಲ. ಸಾರು ಹಾಕುತ್ತ, ಇನ್ನೇನೋ ಕೇಳುವವಳ ಹಾಗೆ ಕೇಳಿದಳು.

“ಇವತ್ತು ಟೀವಿಲಿ ನಿನ್ ಎದೆ ಅಳಿಸ್ದಂಗಿತ್ತಲ್ಲ ಮಗ. ಮಿಸನ್ನು ಕೆಟ್ಟೋಗಿತ್ತಾ?”

“ಇಲ್ಲ ಕನವ್ವ. ಇವತ್ತೊಂದಿನ ಸರ್ಯಾಗಿ ತೋರುಸ್ತು.”

ಚಿಕ್ಕತಾಯಮ್ಮ ಸೌಟು ಹಿಡಿದೇ ನಿಂತಳು. ಮಗಳ ಭುಜವನ್ನೂ ಕೊರಳನ್ನೂ ನೋಡಿದಳು. ಟೇಪಿಲ್ಲದೆ ಅಳತೆ ಹಿಡಿಯುವ ಕಣ್ಣು, ಈ ಸಲ ಎಲ್ಲಿಂದ ಎಲ್ಲಿಗೆ ಹಿಡಿಯಬೇಕೆಂದು ತಿಳಿಯದೆ ಅಲೆಯಿತು. ಆಮೇಲೆ ಸಾರು ಆರಿಹೋಗುತ್ತದೆ, ಉಣ್ಣು ಅಂದಳು. ಅರ್ಥವಾಯಿತೋ ಇಲ್ಲವೋ ಭುವಿಗೆ ಗೊತ್ತಾಗಲಿಲ್ಲ. ಇನ್ನೊಂದು ಸಲ ಬಿಡಿಸಿ ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ವಾರ ಕಳೆದು ಅಭ್ಯಾಸ ಮತ್ತೆ ಶುರುವಾಯಿತು. ಪಂದ್ಯವಾಡುವ ಹಾಗಿಲ್ಲದವಳು ಅಭ್ಯಾಸಕ್ಕೆ ಬರಬಾರದೆಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಭುವಿ ಹೋಗಿ ತನ್ನ ಚೌಕದಲ್ಲಿ ಕೂತಳು. ಮೇಷ್ಟ್ರು ನೋಡಿ ಸೀಟಿ ಊದಿದರು. ಉಳಿದವರೆಲ್ಲ ಮೈಯಂಗಿಯಲ್ಲಿದ್ದರು, ಅವಳು ಹಳೇ ಬನಿಯನ್ನಿನಲ್ಲಿ, ಒಳಗೆ ಪಟ್ಟಿ. ಮಾತು ಬಿಟ್ಟ ದಾಕ್ಷಿ ಅಟ್ಟುತ್ತಿದ್ದಳು. ಒಂದು ಸುತ್ತು ಭುವಿಯನ್ನು ಬಿಟ್ಟು ಪಕ್ಕದವಳಿಗೆ ಕೊಟ್ಟಳು. ಎರಡನೆಯ ಸುತ್ತೂ ಹಾಗೆಯೇ. ಭುವಿ ನೆಲವನ್ನೇ ನೋಡುತ್ತ, ಹಲ್ಲು ಕಚ್ಚಿ, ಕಾಲ್ಬೆರಳ ಮೇಲೆ ಕೂತಿದ್ದಳು. ಹಿಂದಿನಿಂದ ಹೆಜ್ಜೆ ಹತ್ತಿರವಾಗುವುದು ಕೇಳಿಸಿತು, ಈ ಸಲವೂ ದಾಟಿಹೋಗುತ್ತದೆ ಅಂದುಕೊಂಡಳು.

ಅಂಗೈ ಸೊಂಟದ ಮೇಲೆ ಬಿತ್ತು. ಹೊಡೆದ ಹಾಗೆ, ಆಟಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಜೋರಾಗಿ, ಐದು ಬೆರಳೂ ಮೂಡುವ ಹಾಗೆ. ಅದರ ಜೊತೆಗೇ ಸಿಟ್ಟಿನಲ್ಲಿ ಒಡೆದ ಒಂದು ‘ಖೋ’. ಭುವಿ ಬೆಚ್ಚಿದಳು, ಒಂದು ಗಳಿಗೆ ತಡವಾಯಿತು, ಚರ್ಮ ಉರಿಯಿತು. ತಿರುಗಿ ಬೈಯಬೇಕೆನಿಸಿತು. ಬೈಯುವಷ್ಟು ಹೊತ್ತು ಆ ಆಟದಲ್ಲಿ ಯಾರಿಗೂ ಇರುವುದಿಲ್ಲ. ಎದ್ದು ಓಡಿದಳು.